ಇಚಿರೊ ಆಟ ಬಿಟ್ಟು ಆರು ವರ್ಷವಾಯಿತು, ನಮಗೆ ಅವನನ್ನು ಬಿಡಲಾಗುತ್ತಿಲ್ಲ

ಸಾಗರದವ (ಸಿಯಾಟಲ್)

ನಿನ್ನೆ, 2025ರ ಆಗಸ್ಟ್ 9ರ ಶನಿವಾರ, ಇಲ್ಲಿನ ಮೈದಾನದಲ್ಲಿ ನಮ್ಮೂರಿನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್, ತನ್ನ ಹಳೆಯ ಆಟಗಾರ ಇಚಿರೊ ಸುಜುಕಿಯ 51ನೇ ಸಂಖ್ಯೆಯನ್ನು ನಿವೃತ್ತಿಗೊಳಿಸಿತು. ಇನ್ನು ಈ ತಂಡದಲ್ಲಿ ಆ ಸಂಖ್ಯೆಯ ಅಂಗಿಯನ್ನು ಯಾವ ಹೊಸಬನೂ ತೊಡುವಂತಿಲ್ಲ. ಎರಡು ವಾರದ ಹಿಂದೆ, ಜುಲೈ 27ರಂದು, ಬೇಸ್‌ಬಾಲಿನ ದಿಗ್ಗಜರನ್ನು ಗೌರವಿಸುವ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ಗೆ ಅವನ ಪ್ರವೇಶವಾಗಿತ್ತು. ಏಷ್ಯಾದಲ್ಲಿ ಹುಟ್ಟಿದ ಆಟಗಾರನೊಬ್ಬ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. 394 ಮತಗಳಲ್ಲಿ 393 ಅವನಿಗೆ ಬಿದ್ದಿದ್ದವು. ಮತ ಹಾಕದ ಆ ಒಬ್ಬ ಪುಣ್ಯಾತ್ಮನನ್ನು ಮನೆಗೆ ಕರೆದು ಜೊತೆಯಲ್ಲಿ ಕುಳಿತು ಒಂದು ಲೋಟ ಕುಡಿಯಬೇಕು ಎಂದು ಇಚಿರೊ ನಗುತ್ತ ಹೇಳಿದ್ದ. (ಏಕವಚನಕ್ಕೆ ಕ್ಷಮೆ ಇರಲಿ. ಹತ್ತಿರದವರನ್ನು ಹಾಗೆಯೇ ಕರೆದು ಅಭ್ಯಾಸ.)

ನಿನ್ನೆ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. 2012ರ ಜುಲೈ 23ರ ಸೋಮವಾರವೇ ನೆನಪಾಗುತ್ತಿತ್ತು. ಅಮ್ಮ ಊರಿನಿಂದ ಬಂದಿದ್ದರು. ಸೀರೆಯ ಮೇಲೆ ನನ್ನ ಜಾಕೆಟ್ಟು, ಕಾಲುಚೀಲದ ಮೇಲೆ ಚಪ್ಪಲಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ. ಈ ಮೈದಾನದೊಳಗೆ ಮನೆಯ ಊಟ ಒಯ್ಯಲು ಬಿಡುತ್ತಾರೆಂಬ ಒಂದೇ ಕಾರಣಕ್ಕೆ ಅವರು ಬೇಸ್‌ಬಾಲ್ ನೋಡಲು ಒಪ್ಪಿದ್ದರು. ಮಧ್ಯಾಹ್ನ ಸುದ್ದಿ ಬಂತು: ಇಚಿರೊನನ್ನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಕೊಟ್ಟಿದ್ದಾರೆ. ಅಂದು ರಾತ್ರಿ ಎದುರಾಳಿ ಅದೇ ಯಾಂಕೀಸ್, ಆಟ ಇದೇ ಮೈದಾನದಲ್ಲಿ! ಹನ್ನೊಂದೂವರೆ ವರ್ಷ ತನ್ನದಾಗಿದ್ದ ಕೋಣೆಯಿಂದ ಸಾಮಾನು ಎತ್ತಿಕೊಂಡು ಅವನು ಅತಿಥಿಗಳ ಕೋಣೆಗೆ ನಡೆದಿದ್ದ. ಸಂಖ್ಯೆಯೂ ಬದಲು, 31.

ಮೊದಲ ಸಲ ಬ್ಯಾಟ್ ಹಿಡಿದು ಬಂದಾಗ ಎಲ್ಲರೂ ಎದ್ದು ನಿಂತೆವು. ಅವನು ಹೆಲ್ಮೆಟ್ ತೆಗೆದ. ಸೊಂಟ ಬಗ್ಗಿಸಿ ಒಂದು ಬದಿಗೆ ನಮಸ್ಕರಿಸಿದ, ತಿರುಗಿ ಇನ್ನೊಂದು ಬದಿಗೆ. ಅಮ್ಮ ಡಬ್ಬಿಯ ಮುಚ್ಚಳ ಹಾಕಿ ಕೇಳಿದರು: "ಯಾರಿಗೋ ಅದು ನಮಸ್ಕಾರ?" ನಮಗೇ ಎಂದೆ. "ಬಿಟ್ಟು ಹೋಗುವವನು ಹೇಳಿ ಹೋಗುತ್ತಿದ್ದಾನೆ, ಒಳ್ಳೆಯ ಮನೆಯ ಹುಡುಗ" ಎಂದರು. ಒಳ್ಳೆಯ ಮನೆಯ ಹುಡುಗ ಮರುಕ್ಷಣವೇ ನಮ್ಮ ಬೌಲರಿಗೆ ಹಿಟ್ ಹೊಡೆದು, ಎರಡನೇ ಬೇಸನ್ನೂ ಕದ್ದ (ಮುಂದಿನ ಚೆಂಡು ಎಸೆಯುವಷ್ಟರಲ್ಲಿ ಮುಂದಿನ ಬೇಸಿಗೆ, ಅಂದರೆ ನೆಲೆಗೆ, ಓಡಿಬಿಡುವುದೇ ಈ ಕಳ್ಳತನ).

ಬೇಸ್‌ಬಾಲನ್ನು ಕಂಡು ಕೇಳಿ ಅರಿಯದ ಊರಿನಿಂದ ಬಂದ ನನಗೆ ಈ ಮನುಷ್ಯ ಏಕೆ ಇಷ್ಟು ಹತ್ತಿರದವನಾದ? ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯೇ?

ಮಿಡ್‌ಆನ್ (ರೆಡ್ಮಂಡ್)

ಬೌಲರ್ ಅಲ್ಲ ಸಾಗರದವರೇ, ಪಿಚರ್. ಇಷ್ಟು ವರ್ಷವಾದರೂ ನಿಮ್ಮ ನಾಲಗೆ ಹೊರಳುವುದಿಲ್ಲ.

ಆಗಿದೆ. ಇಲ್ಲಿನ ಮೇರಿಮೂರ್ ಉದ್ಯಾನದಲ್ಲಿ ನಾವು ವಾರಾಂತ್ಯಕ್ಕೆ ಕ್ರಿಕೆಟ್ ಆಡುತ್ತೇವೆ. ನಮ್ಮ ತಂಡದಲ್ಲಿ ಹಾಸನದ ಕಡೆಯ ಎಡಗೈ ಆಟಗಾರನೊಬ್ಬನಿದ್ದ. ಪ್ರತಿ ಚೆಂಡಿಗೂ ಮೊದಲು ಬಲಗೈಯಲ್ಲಿ ಬ್ಯಾಟನ್ನು ನೆಟ್ಟಗೆ ಬೌಲರಿನ ಕಡೆ ಚಾಚಿ, ಎಡಗೈಯಿಂದ ಬಲತೋಳಿನ ಬಟ್ಟೆಯನ್ನು ಚೂರು ಎತ್ತುತ್ತಿದ್ದ. ಥೇಟ್ ಇಚಿರೊ. ಕ್ರಿಕೆಟ್ ಬ್ಯಾಟ್ ಅಗಲವಾದ್ದರಿಂದ ಸುಣ್ಣ ಬಳಿಯಲು ನಿಂತವನಂತೆ ಕಾಣುತ್ತಿತ್ತು. ಅಂಪೈರ್ ಕಾದು ಕಾದು ಕೊನೆಗೆ, "ಪೂಜೆ ಮುಗಿಯಿತೇ?" ಎಂದು ಕೇಳುವುದು ವಾಡಿಕೆಯಾಯಿತು. ಎರಡನೇ ಚೆಂಡಿಗೆ ಬೌಲ್ಡ್ ಆಗುತ್ತಿದ್ದ, ಅದು ಬೇರೆ ಮಾತು.

ಪೇಡಾ ಪ್ರಿಯ (ಧಾರವಾಡ)

ನನಗೆ ಬೇಸ್‌ಬಾಲಿನ ಗಂಧವೂ ಇಲ್ಲ. ಓದಲು ಚೆನ್ನಾಗಿದೆ ಎಂದು ಓದುತ್ತಿದ್ದೇನೆ. ಈತ ಅಷ್ಟು ದೊಡ್ಡವನು ಹೇಗೆ? ಸಿಕ್ಸರ್ ಹೊಡೆಯುವವನೇ? ಯಾರಾದರೂ ಪುಣ್ಯ ಕಟ್ಟಿಕೊಳ್ಳಿ.

ಮಿಡ್‌ಆನ್ (ರೆಡ್ಮಂಡ್)

ಸಿಕ್ಸರ್ ಹೊಡೆಯದಿದ್ದುದೇ ಅವನ ದೊಡ್ಡಸ್ತಿಕೆ.

ಅವನು ಬಂದ ಕಾಲದಲ್ಲಿ ಅಮೆರಿಕದ ಬೇಸ್‌ಬಾಲ್ ಎಂದರೆ ಹೋಮ್ ರನ್. ಗೋದಾಮಿನ ಬಾಗಿಲಿನಷ್ಟು ಅಗಲದ ಎದೆಯವರು ಚೆಂಡನ್ನು ಬೇಲಿಯಾಚೆ ಅಟ್ಟುತ್ತಿದ್ದರು. ಅವರಲ್ಲಿ ಕೆಲವರ ತೋಳಿಗೆ ಬಲ ಬಂದದ್ದು ಔಷಧಿಯ ಶೀಶೆಯಿಂದ ಎಂಬುದು ಆಮೇಲೆ ಬಯಲಾಯಿತು. ಅಂಥವರ ನಡುವೆ ಐದಡಿ ಹನ್ನೊಂದು ಇಂಚೂ ಇಲ್ಲದ ಸಣಕಲ ಬಂದ. ಎಡಗೈ ಬ್ಯಾಟಿಂಗ್. ಚೆಂಡಿಗೆ ಬ್ಯಾಟ್ ತಗಲುವ ಹೊತ್ತಿಗೆ ಅವನ ಕಾಲು ಆಗಲೇ ಮೊದಲ ಬೇಸಿನ ಕಡೆ ಹೊರಟಿರುತ್ತಿತ್ತು. ನೆಲಕ್ಕೆ ಪುಟಿದ ಚೆಂಡನ್ನು ಕ್ಷೇತ್ರರಕ್ಷಕ ಹಿಡಿದು ತಲೆ ಎತ್ತುವಷ್ಟರಲ್ಲಿ ಇವನು ಬೇಸ್ ದಾಟಿ ನಿಂತಿರುತ್ತಿದ್ದ. ಬೇರೆಯವರಿಗೆ ಅದು ಔಟ್, ಇವನಿಗೆ ಹಿಟ್. ಕ್ರಿಕೆಟ್ಟಿನಲ್ಲಿ ಹೇಳುವುದಾದರೆ, ಚೆಂಡನ್ನು ಮೆಲ್ಲಗೆ ತಳ್ಳಿ ಸಂದಿನಲ್ಲಿ ಒಂದು ರನ್ ಕದಿಯುವವನು. ಆದರೆ ಇದನ್ನೇ ವರ್ಷಕ್ಕೆ ಇನ್ನೂರು ಸಲ, ಹತ್ತು ವರ್ಷ ಬಿಡದೆ ಮಾಡಿದ (2001ರಿಂದ 2010). ಹಾಗೆ ಹತ್ತು ವರ್ಷ ಸತತವಾಗಿ ಮಾಡಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ಮೊದಲ ವರ್ಷವೇ 242 ಹಿಟ್, ಸರಾಸರಿ .350 (ಅಂದರೆ ನೂರು ಅವಕಾಶಕ್ಕೆ 35 ಹಿಟ್), 56 ಬೇಸ್ ಕಳ್ಳತನ. ಅದೇ ವರ್ಷ ತಂಡ 116 ಆಟ ಗೆದ್ದು 1906ರ ಶಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿತು. ವರ್ಷದ ಹೊಸ ಆಟಗಾರ, ಅಮೂಲ್ಯ ಆಟಗಾರ, ಎರಡೂ ಪ್ರಶಸ್ತಿ ಒಬ್ಬನಿಗೇ. ಹಾಗೆ ಪಡೆದವನು ಅವನಿಗಿಂತ ಮೊದಲು ಒಬ್ಬನೇ, 1975ರಲ್ಲಿ ಫ್ರೆಡ್ ಲಿನ್.

ಆ ವರ್ಷದ ಏಪ್ರಿಲ್‌ನ ಒಂದು ಎಸೆತವನ್ನು ಹುಡುಕಿ ನೋಡಿ. ಓಕ್ಲೆಂಡಿನಲ್ಲಿ ಆಟ. ಟೆರೆನ್ಸ್ ಲಾಂಗ್ ಎಂಬುವವನು ಮೊದಲ ಬೇಸಿನಿಂದ ಮೂರನೆಯದಕ್ಕೆ ಓಡುತ್ತಿದ್ದಾನೆ. ಇಚಿರೊ ಬಲ ಅಂಚಿನಿಂದ ಚೆಂಡೆತ್ತಿ ಬಿಟ್ಟ. ಅದು ಮೇಲೇರಲೂ ಇಲ್ಲ, ಪುಟಿಯಲೂ ಇಲ್ಲ, ದಾರ ಎಳೆದ ಹಾಗೆ ಬಂದು ಮೂರನೇ ಬೇಸಿನವನ ಕೈಗವಸಿನಲ್ಲಿ ಕುಳಿತಿತು. ಲಾಂಗ್ ಔಟ್. ಇಲ್ಲಿನವರಿಗೆ 'ಆ ಎಸೆತ' ಎಂದರೆ ಸಾಕು.

ಲೆಕ್ಕದ ಮೇಷ್ಟ್ರು (ಮೈಸೂರು)

ಇಷ್ಟು ಹೊತ್ತು ಸುಮ್ಮನಿದ್ದೆ. ಆರತಿ ಎತ್ತುವುದು ಮುಗಿದಿದ್ದರೆ ಒಂದು ಮಾತು.

ನಾನು ಸಿಯಾಟಲ್‌ನಲ್ಲಿ ಒಂಬತ್ತು ವರ್ಷ ಇದ್ದು ಬಂದವನು. ಇಚಿರೊ ದೊಡ್ಡ ಆಟಗಾರ, ತಕರಾರಿಲ್ಲ. ಆದರೆ 2001ರ ನಂತರ ಆ ತಂಡ ಮತ್ತೆ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಸುತ್ತು) ಕಂಡದ್ದು 2022ರಲ್ಲಿ. ಇಪ್ಪತ್ತೊಂದು ವರ್ಷ! ಅದರಲ್ಲಿ ಅರ್ಧ ಕಾಲ ತಂಡದ ಅತಿ ದೊಡ್ಡ ಹೆಸರು ಇವನದು. ತಂಡ ಮುಳುಗುವಾಗ ಇವನು ತನ್ನ ಇನ್ನೂರು ಹಿಟ್ ಎಣಿಸುತ್ತಿದ್ದ ಎಂದು ಆಗಲೇ ಜನ ಗೊಣಗುತ್ತಿದ್ದರು. ಬೇಸ್‌ಬಾಲಿನಲ್ಲಿ ನಾಲ್ಕು ಕೆಟ್ಟ ಎಸೆತ ಬಿಟ್ಟರೆ ಮೊದಲ ಬೇಸಿಗೆ ಸಿಗುವ ಪುಕ್ಕಟೆ ನಡಿಗೆಗೂ ಬೆಲೆಯಿದೆ. ಇವನು ಬಂದ ಚೆಂಡಿಗೆಲ್ಲ ಬ್ಯಾಟ್ ಬೀಸಿ ಒಂಟಿ ಹಿಟ್ ತೆಗೆದುಕೊಳ್ಳುತ್ತಿದ್ದ. ಇನ್ನು ಜಪಾನಿನ 1278 ಮತ್ತು ಅಮೆರಿಕದ 3089 ಕೂಡಿಸಿ 4367 ಎಂದು ಅಮೆರಿಕದಲ್ಲಿ ಅತಿ ಹೆಚ್ಚು ಹಿಟ್ ಹೊಡೆದ ಪೀಟ್ ರೋಸ್‌ಗಿಂತ ಮೇಲೆ ಕೂರಿಸುವುದು ನನ್ನ ದೃಷ್ಟಿಯಲ್ಲಿ ಲೆಕ್ಕವೇ ಅಲ್ಲ. ರಣಜಿ ರನ್ನು, ಟೆಸ್ಟ್ ರನ್ನು ಕೂಡಿಸುತ್ತೀರಾ?

ಸಾಗರದವ (ಸಿಯಾಟಲ್)

ಮೇಷ್ಟ್ರೇ, ಕೂಡಿಸುವ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಎರಡು ಸಾಲಿನಲ್ಲಿ ಬೇರೆ ಬೇರೆ ಬರೆದರೂ ಎರಡೂ ದೊಡ್ಡವೇ.

ತಂಡ ಮುಳುಗುತ್ತಿದ್ದ ಕಾಲದ ಬಗ್ಗೆ ಮಾತ್ರ ಹೇಳುತ್ತೇನೆ. 2004ರಲ್ಲಿ ನಾವು 99 ಆಟ ಸೋತೆವು. ಅಂಥ ವರ್ಷದ ಅಕ್ಟೋಬರ್ 1ರ ರಾತ್ರಿ ಮೈದಾನದಲ್ಲಿ ಹಬ್ಬದ ಜನ. 1920ರಲ್ಲಿ ಜಾರ್ಜ್ ಸಿಸ್ಲರ್ ಒಂದು ಋತುವಿನಲ್ಲಿ 257 ಹಿಟ್ ಹೊಡೆದಿದ್ದ. 84 ವರ್ಷ ಅದು ಹಾಗೆಯೇ ಇತ್ತು. ಅಂದು ಇಚಿರೊ ಅದನ್ನು ಮುಟ್ಟಿ, ದಾಟಿದ. ಬಾಣ ಬಿರುಸು, ತಂಡದವರೆಲ್ಲ ಓಡಿ ಬಂದು ಮುತ್ತಿಕೊಂಡದ್ದು, ಇದೆಲ್ಲ ಎಲ್ಲ ದಾಖಲೆಗೂ ಇರುವುದೇ. ಆಮೇಲೆ ಅವನು ಪ್ರೇಕ್ಷಕರ ಸಾಲಿನ ಕಡೆ ನಡೆದ. ಅಲ್ಲಿ ಸಿಸ್ಲರ್‌ನ ಮಗಳು ಕುಳಿತಿದ್ದರು, ಎಂಬತ್ತು ದಾಟಿದ ಮುದುಕಿ. ಅಪ್ಪನ ದಾಖಲೆ ಮುರಿದವನು ಕಟಕಟೆಯ ಆಚೆ ನಿಂತು ಬಗ್ಗಿ ಅವರ ಕೈ ಹಿಡಿದುಕೊಂಡ. ಐದು ವರ್ಷದ ನಂತರ ಆಲ್ ಸ್ಟಾರ್ ಆಟಕ್ಕೆ ಸೇಂಟ್ ಲೂಯಿಸ್‌ಗೆ ಹೋದಾಗ, ಹೆಂಡತಿಯ ಜೊತೆ ಸಿಸ್ಲರ್‌ನ ಸಮಾಧಿ ಹುಡುಕಿಕೊಂಡು ಹೋಗಿ ಹೂವಿಟ್ಟು ಬಂದ.

99 ಸೋಲಿನ ವರ್ಷದಲ್ಲಿ ನಮಗೆ ಮೈದಾನಕ್ಕೆ ಹೋಗಲು ಇದ್ದ ಕಾರಣ ಅವನೊಬ್ಬನೇ. ಅದನ್ನು ಸ್ವಾರ್ಥ ಎನ್ನುವುದಾದರೆ ಅಂಥ ಸ್ವಾರ್ಥಿಗಳು ಇನ್ನೂ ನಾಲ್ಕು ಜನ ಇರಲಿ.

ಲೆಕ್ಕದ ಮೇಷ್ಟ್ರು (ಮೈಸೂರು)

ಸಿಸ್ಲರ್ ಕಾಲದಲ್ಲಿ ಋತುವಿಗೆ 154 ಆಟ, ಇವನ ಕಾಲದಲ್ಲಿ 162. ಸುಮ್ಮನೆ ನೆನಪಿಸಿದೆ.

ಹೂವಿನ ವಿಷಯ ಗೊತ್ತಿರಲಿಲ್ಲ.

ಬೆಟ್ಟದ ಮೇಲಿನವಳು (ಓಸಾಕಾ, ಹಿಂದೆ ಕೋಬೆ)

ಈ ಚರ್ಚೆ ಸಿಯಾಟಲ್‌ನಿಂದ ಶುರುವಾಯಿತೆಂದು ಇಚಿರೊ ಅಲ್ಲೇ ಹುಟ್ಟಿದರೇನೋ ಎಂಬಂತೆ ಮಾತು ನಡೆದಿದೆ. ಸ್ವಲ್ಪ ಈ ಕಡೆಯೂ ತಿರುಗಿ.

ಅವರು ಹುಟ್ಟಿದ್ದು 1973ರಲ್ಲಿ, ನಗೋಯಾದ ಪಕ್ಕದ ತೊಯೊಯಾಮಾದಲ್ಲಿ. ಆಡಿದ್ದು ಕೋಬೆಯ ಒರಿಕ್ಸ್ ಬ್ಲೂವೇವ್ ತಂಡಕ್ಕೆ. ಅಲ್ಲಿನ ಮೊದಲ ತರಬೇತುದಾರರಿಗೆ ಅವರ ಬ್ಯಾಟ್ ಬೀಸುವ ರೀತಿ ಒಗ್ಗಲಿಲ್ಲ. ಮುಂಗಾಲನ್ನು ಗಡಿಯಾರದ ಲೋಲಕದ ಹಾಗೆ ತೂಗುತ್ತಿದ್ದರಲ್ಲ, ಅದು. ಎರಡು ವರ್ಷ ಬಹುಪಾಲು ಕೆಳಗಿನ ತಂಡದಲ್ಲಿ ಕಳೆದರು. 1994ರಲ್ಲಿ ಬಂದ ಅಕಿರಾ ಓಗಿ ಎಂಬ ಮ್ಯಾನೇಜರ್, ಹುಡುಗನಿಗೆ ಹೇಗೆ ಬೇಕೋ ಹಾಗೆ ಆಡಲಿ ಎಂದರು. ಸುಜುಕಿ ಎಂಬ ಮನೆತನದ ಹೆಸರು ಇಲ್ಲಿ ನಮ್ಮ ಗೌಡ, ಪಾಟೀಲರಷ್ಟು. ಯಾರೂ ನೆನಪಿಡುವುದಿಲ್ಲ ಎಂದು ಅಂಗಿಯ ಬೆನ್ನಿಗೆ 'ಇಚಿರೊ' ಎಂದಷ್ಟೇ ಬರೆಸಿದರು. ಆ ವರ್ಷವೇ 130 ಆಟದಲ್ಲಿ 210 ಹಿಟ್. ಜಪಾನಿನಲ್ಲಿ ಇನ್ನೂರು ದಾಟಿದವರು ಅದುವರೆಗೆ ಯಾರೂ ಇರಲಿಲ್ಲ.

ನಾನು ಕೋಬೆಗೆ ಬಂದದ್ದು ಬಹಳ ತಡವಾಗಿ. ಆದರೆ ನಮ್ಮ ಮನೆಯ ಮಾಲೀಕರ ಹೆಂಡತಿ 1995ರ ಜನವರಿ 17ನ್ನು ದಾಟಿದವರು. ಬೆಳಗಿನ ಜಾವ 5.46ಕ್ಕೆ ಭೂಮಿ ನಡುಗಿ ಆರು ಸಾವಿರಕ್ಕೂ ಹೆಚ್ಚು ಜನ ಹೋದರು. ತಂಡ ಊರು ಬಿಟ್ಟು ಬೇರೆಡೆ ಆಡಬಹುದಿತ್ತು, ಆಡಲಿಲ್ಲ. ತೋಳಿನ ಮೇಲೆ 'ಗಂಬಾರೊ ಕೋಬೆ' ಎಂಬ ಪಟ್ಟಿ ಹೊಲಿಸಿಕೊಂಡು ಇಳಿದರು. ಗಂಬಾರೊ ಎಂದರೆ, ಹೇಗೆ ಹೇಳಲಿ, 'ಎದೆಗುಂದದೆ ಒಟ್ಟಿಗೆ ನಡೆಯೋಣ'. ಆ ವರ್ಷ ಲೀಗ್ ಗೆದ್ದರು, ಆದರೆ ಗೆಲುವು ಕೋಬೆಯ ಮೈದಾನದಲ್ಲಿ ಬರಲಿಲ್ಲ. ಮರುವರ್ಷ ಬಂತು, ಇಚಿರೊ ಹೊಡೆತದಿಂದಲೇ. ಆ ಅಜ್ಜಿ ಹೇಳುತ್ತಿದ್ದರು: ತಾತ್ಕಾಲಿಕ ಮನೆಗಳಲ್ಲಿ ಗೋಡೆ ತೆಳುವಾಗಿದ್ದವು, ಒಂದೇ ಹೊಡೆತಕ್ಕೆ ಸಾಲಿನ ಎಲ್ಲ ಮನೆಯಿಂದಲೂ ಒಟ್ಟಿಗೆ ಕೂಗು ಕೇಳಿಸಿತು ಎಂದು.

ಮಳೆಗೆ ಕೊಡೆ ಹಿಡಿಯದವ (ಬೀಕನ್ ಹಿಲ್)

ಸಿಯಾಟಲ್‌ನಲ್ಲಿಯೂ ತೆಳು ಗೋಡೆಯ ಕಥೆಯೊಂದಿದೆ. ನನ್ನ ಹಳೆಯ ಮನೆಯ ಪಕ್ಕದಲ್ಲಿ ಜಪಾನಿ ಮೂಲದ ಮುದುಕಿಯೊಬ್ಬರಿದ್ದರು. ಹುಟ್ಟಿದ್ದು ಇದೇ ಊರಿನಲ್ಲಿ, ಜಪಾನಿ ಭಾಷೆ ಅಷ್ಟಕ್ಕಷ್ಟೆ. 1942ರಲ್ಲಿ ಯುದ್ಧದ ಹೆಸರಿನಲ್ಲಿ ಸರ್ಕಾರ ಇಲ್ಲಿನ ಜಪಾನಿ ಕುಟುಂಬಗಳನ್ನೆಲ್ಲ ಎತ್ತಿ ಪಿಯಾಲಪ್ ಜಾತ್ರೆ ಮೈದಾನಕ್ಕೆ ಒಯ್ದಿತು, ಅಲ್ಲಿಂದ ಐಡಾಹೊದ ಮಿನಿಡೋಕಾ ಶಿಬಿರಕ್ಕೆ. ಇವರಿಗೆ ಆಗ ಒಂಬತ್ತು ವರ್ಷ. ನಾವು ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಜಾಮ್ ಹಚ್ಚಿದ ಸ್ಕೋನ್ ತಿನ್ನುತ್ತೇವಲ್ಲ, ಅದೇ ಪಿಯಾಲಪ್. ಅವರು ಆ ಜಾತ್ರೆಗೆ ಬದುಕಿರುವ ತನಕ ಹೋಗಲಿಲ್ಲ.

2001ರಲ್ಲಿ ಅವರು 51ರ ಅಂಗಿ ಕೊಂಡರು. ಮೊಣಕಾಲ ತನಕ ಬರುವಷ್ಟು ದೊಡ್ಡದು, ಸಣ್ಣದು ಮುಗಿದುಹೋಗಿತ್ತಂತೆ. ಒಂದು ಸಂಜೆ ಬೇಲಿಯ ಹತ್ತಿರ ನಿಂತು, "ನಲವತ್ತು ಸಾವಿರ ಜನ ನಮ್ಮ ಮುಖದವನೊಬ್ಬನ ಹೆಸರು ಕೂಗುತ್ತಿದ್ದಾರೆ, ಬೈಯಲು ಅಲ್ಲ" ಎಂದರು. ಆಮೇಲೆ ಗಿಡಕ್ಕೆ ನೀರು ಹಾಕಲು ಹೋದರು.

ಪೇಡಾ ಪ್ರಿಯ (ಧಾರವಾಡ)

ಬೇಸ್‌ಬಾಲ್ ಗೊತ್ತಿಲ್ಲ ಎಂದು ಹೇಳಿ ತಪ್ಪು ಮಾಡಿದೆ. ಕೆಲಸ ಬಿಟ್ಟು ಇದನ್ನೇ ಓದುತ್ತಿದ್ದೇನೆ.

ಲೇತ್ ಮೆಷಿನ್ (ಪೀಣ್ಯ)

ನನಗೆ ಈ ಆಟ ಗೊತ್ತಿರುವುದು ಯೂಟ್ಯೂಬಿನಿಂದ. ರಾತ್ರಿ ಪಾಳಿಯಲ್ಲಿ ಯಂತ್ರ ಓಡುವಾಗ ನೋಡುತ್ತೇನೆ. ಇಚಿರೊ ನನಗೆ ಹಿಡಿಸಿದ್ದು ಹಿಟ್‌ಗಾಗಿ ಅಲ್ಲ, ಬ್ಯಾಟ್ ಇಡುವ ರೀತಿಗಾಗಿ. ಅಲ್ಲಿನ ಆಟಗಾರರು ಔಟಾದರೆ ಬ್ಯಾಟನ್ನು ನೆಲಕ್ಕೆ ಬಡಿದು ಮುರಿಯುತ್ತಾರೆ. ಇವನು ತೇವ ತಾಗದಂತೆ ವಿಶೇಷ ಪೆಟ್ಟಿಗೆಯಲ್ಲಿ ಬ್ಯಾಟುಗಳನ್ನು ಇಡುತ್ತಿದ್ದ. ತೇವ ಹೀರಿದರೆ ಮರ ಭಾರವಾಗುತ್ತದೆ, ಕೆಲವು ಗ್ರಾಂ ಸಾಕು, ಕೈಗೆ ಗೊತ್ತಾಗುತ್ತದೆ. ಕೈಗವಸನ್ನು ತಾನೇ ಒರೆಸಿ ಎಣ್ಣೆ ಹಚ್ಚುತ್ತಿದ್ದ. ಹಾಲ್ ಆಫ್ ಫೇಮ್ ಭಾಷಣದಲ್ಲಿಯೂ ಸಲಕರಣೆ ಸರಿಯಾಗಿಟ್ಟುಕೊಳ್ಳುವ ಮಾತು ಬಂತು.

ನಮ್ಮಲ್ಲಿ ಮೈಕ್ರೋಮೀಟರನ್ನು ಹಾಳೆಯಲ್ಲಿ ಸುತ್ತಿ ಡಬ್ಬಿಗೆ ಹಾಕುವವರು ಮೂವರು, ಬೆಂಚಿನ ಮೇಲೆ ಎಸೆಯುವವರು ಹದಿನೈದು ಜನ. ಆಯುಧ ಪೂಜೆಯ ದಿನ ಮಾತ್ರ ಎಲ್ಲರೂ ಕುಂಕುಮ ಹಚ್ಚುತ್ತಾರೆ. ಮರುದಿನ ಮತ್ತೆ ಎಸೆತ.

ಮಿಡ್‌ಆನ್ (ರೆಡ್ಮಂಡ್)

ನಿಮ್ಮ ಮೂವರಿಗೆ ನನ್ನ ನಮಸ್ಕಾರ ತಿಳಿಸಿ.

ಎರಡು ಮಕ್ಕಳ ತಾಯಿ (ಬೋಥೆಲ್)

ಒಂದು ತಗಾದೆ. ಇಚಿರೊ ಬಗ್ಗೆ ಈ 'ಶಿಸ್ತು' ಎಂಬ ಮಾತು ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಕಸಿವಿಸಿ. ನಮ್ಮ ಕಡೆಯ ಅಪ್ಪಂದಿರು ಈ ಕಥೆಯನ್ನು ಮಕ್ಕಳ ಮೇಲೆ ಹೇರುತ್ತಾರೆ. ಆರನೇ ತರಗತಿಯಲ್ಲಿ ಇಚಿರೊ 'ನನ್ನ ಕನಸು' ಎಂಬ ಪ್ರಬಂಧ ಬರೆದಿದ್ದನಲ್ಲ, ವರ್ಷದ 365 ದಿನಗಳಲ್ಲಿ 360 ದಿನ ಕಠಿಣ ಅಭ್ಯಾಸ ಮಾಡುತ್ತೇನೆ ಎಂದು. ಇಲ್ಲಿನ ಗಣಿತದ ಟ್ಯೂಷನ್‌ಗೆ ಮಕ್ಕಳನ್ನು ಬಿಡಲು ಬಂದಾಗ ಒಬ್ಬರು ಅದನ್ನು ಮೊಬೈಲಿನಲ್ಲಿ ತೋರಿಸಿ, "ನೋಡಿ, ಹೀಗಿರಬೇಕು" ಎಂದರು. ಅವರ ಮಗ ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕುಳಿತಿದ್ದ.

ಇಚಿರೊನನ್ನು ದಿನವೂ ಅವನಪ್ಪ ಅಭ್ಯಾಸಕ್ಕೆ ಎಳೆದೊಯ್ಯುತ್ತಿದ್ದರು, ಚಳಿಯಲ್ಲಿಯೂ ಬಿಡುತ್ತಿರಲಿಲ್ಲ. ದೊಡ್ಡವನಾದ ಮೇಲೆ ಇಚಿರೊ ತಾನೇ, ಅದು ಹಿಂಸೆಯ ಅಂಚಿಗೆ ಬಂದಿತ್ತು ಎಂಬ ಅರ್ಥದ ಮಾತು ಆಡಿದ್ದಾನೆ. ಅದನ್ನು ಯಾರೂ ಮೊಬೈಲಿನಲ್ಲಿ ತೋರಿಸುವುದಿಲ್ಲ. ಒಬ್ಬ ಇಚಿರೊ ಆದ. ಹಾಗೆ ಎಳೆಸಿಕೊಂಡು ಏನೂ ಆಗದ ಹುಡುಗರ ಪಟ್ಟಿ ಯಾರ ಹತ್ತಿರ ಇದೆ?

ಲೆಕ್ಕದ ಮೇಷ್ಟ್ರು (ಮೈಸೂರು)

ಈ ಚರ್ಚೆಯಲ್ಲಿ ಇಲ್ಲಿಯ ತನಕ ಬಂದ ಅತಿ ಬುದ್ಧಿವಂತ ಮಾತು ಇದು. ನಾನು ಮೂವತ್ತು ವರ್ಷ ಪಾಠ ಮಾಡಿದವನು, ಕಿಟಕಿಗೆ ಹಣೆ ಒತ್ತಿದ ಹುಡುಗರನ್ನು ಬಲ್ಲೆ.

ಬೆಟ್ಟದ ಮೇಲಿನವಳು (ಓಸಾಕಾ, ಹಿಂದೆ ಕೋಬೆ)

ತಾಯಿಯವರ ಮಾತು ಒಪ್ಪುತ್ತೇನೆ. ಆ ಪ್ರಬಂಧ ಇಲ್ಲಿಯೂ ಶಾಲೆ ಶಾಲೆಗಳಲ್ಲಿ ಪ್ರಸಿದ್ಧ. ಆದರೆ ಎಲ್ಲರೂ 360ನ್ನು ಹಿಡಿದುಕೊಂಡು ಕೊನೆಯ ಭಾಗವನ್ನು ಬಿಡುತ್ತಾರೆ. ದೊಡ್ಡ ಆಟಗಾರನಾದ ಮೇಲೆ ತನಗೆ ಸಹಾಯ ಮಾಡಿದವರಿಗೆಲ್ಲ ಟಿಕೆಟ್ ಹಂಚಿ ಆಟ ನೋಡಲು ಕರೆಯುವುದೂ ನನ್ನ ಕನಸು ಎಂದು ಆ ಹುಡುಗ ಬರೆದಿದ್ದಾನೆ. ನನಗೆ ಇಷ್ಟವಾದದ್ದು ಆ ಸಾಲು.

ಈಗ ಟೋಕಿಯೊ ರಾತ್ರಿಯ ಕಥೆ ಹೇಳಿಬಿಡುತ್ತೇನೆ, ಯಾರೂ ಕೇಳದಿದ್ದರೂ. 2019ರ ಮಾರ್ಚ್ 21, ಟೋಕಿಯೊ ಡೋಮ್, ಮ್ಯಾರಿನರ್ಸ್ ಮತ್ತು ಓಕ್ಲೆಂಡ್. ನನಗೆ ಹೇಗೋ ಒಂದು ಟಿಕೆಟ್ ಸಿಕ್ಕಿತ್ತು, ತುತ್ತತುದಿಯ ಸಾಲು. ಅವರಿಗೆ ಆಗ 45 ವರ್ಷ. ಎರಡು ಆಟ ಸೇರಿ ಐದು ಸಲ ಪ್ರಯತ್ನಿಸಿ ಒಂದೂ ಹಿಟ್ ಬರಲಿಲ್ಲ. ಕೊನೆಯ ಸಲ ಚೆಂಡು ಶಾರ್ಟ್‌ಸ್ಟಾಪಿನ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವವನ) ಕಡೆ ಪುಟಿಯಿತು. ಹಿಂದೆಲ್ಲ ಹಿಟ್ ಆಗುತ್ತಿದ್ದ ಚೆಂಡು ಅದು. ಓಡಿದರು. ನಾನು ಹಲ್ಲು ಕಚ್ಚಿ ಕುಳಿತಿದ್ದೆ. ಕೂದಲೆಳೆಯಲ್ಲಿ ಔಟ್. ಪಕ್ಕದಲ್ಲಿ ಕಚೇರಿಯ ಸೂಟು ತೊಟ್ಟ ಗಂಡಸೊಬ್ಬರು ಟೈ ಸಡಿಲಿಸಿ ಕಣ್ಣು ಒರೆಸಿಕೊಂಡರು.

ಎಂಟನೇ ಇನ್ನಿಂಗ್‌ನಲ್ಲಿ ಅವರು ತಮ್ಮ ಜಾಗಕ್ಕೆ ಹೋಗಿ ನಿಂತ ಮೇಲೆ, ಜೊತೆಯವರೆಲ್ಲ ಮೈದಾನದಿಂದ ಒಳಗೆ ನಡೆದುಬಿಟ್ಟರು, ಅವರೊಬ್ಬರನ್ನೇ ಬಿಟ್ಟು. ಅಲ್ಲಿಂದ ಅವರು ನಿಧಾನವಾಗಿ ನಡೆದು ಬಂದು ಒಬ್ಬೊಬ್ಬರನ್ನೇ ತಬ್ಬಿಕೊಂಡರು. ಅಂದು ಅಮೆರಿಕದ ಲೀಗಿನಲ್ಲಿ ತನ್ನ ಮೊದಲ ಆಟ ಆಡುತ್ತಿದ್ದ ಪಿಚರ್ ಯೂಸೆ ಕಿಕುಚಿ ಅವರ ಹೆಗಲ ಮೇಲೆ ಬಿಕ್ಕುತ್ತಿದ್ದ. ಆಟ ಮುಂದುವರಿದು ಹನ್ನೆರಡು ಇನ್ನಿಂಗ್ ತನಕ ಹೋಯಿತು. ಮುಗಿದ ಮೇಲೂ ಜನ ಏಳಲಿಲ್ಲ. ಕೊನೆಯ ರೈಲಿನ ಬಗ್ಗೆ ಜಪಾನಿನವರು ಎಷ್ಟು ಚಿಂತೆ ಮಾಡುತ್ತಾರೆಂದು ಇಲ್ಲಿ ಇರುವವರಿಗೆ ಗೊತ್ತು. ಅಂದು ಯಾರೂ ಗಡಿಯಾರ ನೋಡಲಿಲ್ಲ. ಬಹಳ ಹೊತ್ತಿನ ನಂತರ ಅವರು ಮತ್ತೆ ಹೊರಗೆ ಬಂದು ಒಂದು ಸುತ್ತು ನಡೆದರು. ನನಗೂ ರೈಲು ತಪ್ಪಿತು.

ಪತ್ರಿಕಾಗೋಷ್ಠಿ ನಡುರಾತ್ರಿ ದಾಟಿ ಸುಮಾರು ಒಂದೂವರೆ ಗಂಟೆ ನಡೆಯಿತು, ಕಾಫಿ ಅಂಗಡಿಯಲ್ಲಿ ಮೊಬೈಲಿನಲ್ಲಿ ನೋಡಿದೆ. ಕೊನೆಗೆ ಒಂದು ಮಾತು ಹೇಳಿದರು. ಅಮೆರಿಕಕ್ಕೆ ಹೋಗಿ ತಾನು ಪರದೇಶಿಯಾದೆ, ಅದರಿಂದ ಇತರರ ನೋವನ್ನು ಊಹಿಸಿಕೊಳ್ಳುವುದು ಬಂತು, ಹಿಂದೆ ಕಾಣದ ತಾನೊಬ್ಬ ಕಂಡ, ಪುಸ್ತಕ ಓದಿ ಅದು ಬರುವಂಥದ್ದಲ್ಲ, ಎಂಬರ್ಥದಲ್ಲಿ. ಸಾಗರದವರೇ, ನೀವು ಮೊದಲಿಗೆ ಕೇಳಿದ 'ಏಕೆ'ಗೆ ನನ್ನ ಉತ್ತರ ಅದು. ಆ ಮಾತು ಕೇಳುವಾಗ ನಾನು ಈ ದೇಶಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಂಗಡಿಯವಳು ಅಂದೂ ನನಗೆ ಇಂಗ್ಲಿಷ್ ಮೆನುವನ್ನೇ ಕೊಟ್ಟಿದ್ದಳು.

ಮಳೆಗೆ ಕೊಡೆ ಹಿಡಿಯದವ (ಬೀಕನ್ ಹಿಲ್)

ಕೊನೆಯ ವಾಕ್ಯಕ್ಕೆ ನೂರು ಅಂಕ.

ಉಪ್ಪಿನಕಾಯಿ ಜಾಡಿ (ಕೆಂಟ್)

ಎಲ್ಲರೂ ಗಂಟಲು ತುಂಬಿಕೊಂಡಿದ್ದೀರಿ, ಸ್ವಲ್ಪ ಬೇರೆ ಮಾತು. ಹಾಲ್ ಆಫ್ ಫೇಮ್ ಭಾಷಣ ಇಂಗ್ಲಿಷಿನಲ್ಲಿಯೇ ಮಾಡಿದ, ಕೇಳಿದಿರಾ? ಅಷ್ಟು ವರ್ಷ ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದವನು! 2015ರಲ್ಲಿ ಕರೆ ಬರುವ ತನಕ ಮಯಾಮಿ ಮಾರ್ಲಿನ್ಸ್ ಎಂಬ ತಂಡದ ಹೆಸರನ್ನೇ ಕೇಳಿರಲಿಲ್ಲ ಎಂದು ಆ ತಂಡಕ್ಕೆ ಕೃತಜ್ಞತೆ ಹೇಳುತ್ತಲೇ ಕಾಲೆಳೆದ. ಆ ತಂಡದ ಅಂಗಿಯಲ್ಲಿಯೇ ಅಮೆರಿಕದಲ್ಲಿ ಅವನ 3000ನೇ ಹಿಟ್ ಬಂದದ್ದು, 2016ರಲ್ಲಿ, ಅದೂ ಟ್ರಿಪಲ್ (ಒಂದೇ ಹೊಡೆತಕ್ಕೆ ಮೂರನೇ ಬೇಸ್). ಹೆಣ್ಣು ಕೊಟ್ಟ ಮನೆಯನ್ನು ಹೀಗೆ ಛೇಡಿಸುವ ಧೈರ್ಯ ಅಳಿಯಂದಿರಿಗೆ ಮಾತ್ರ ಇರುತ್ತದೆ.

ಎರಡು ಮಕ್ಕಳ ತಾಯಿ (ಬೋಥೆಲ್)

ನನಗೆ ಇಷ್ಟವಾದ ಇಚಿರೊ ನಿವೃತ್ತಿಯ ನಂತರದವನು. 2021ರಲ್ಲಿ ಹೈಸ್ಕೂಲು ಹುಡುಗಿಯರ ತಂಡದ ವಿರುದ್ಧ ಆಡಿದ. ತಾನೇ ಪಿಚರ್, ಒಂಬತ್ತೂ ಇನ್ನಿಂಗ್, 147 ಎಸೆತ. ಹುಡುಗಿಯರೆಂದು ಚೂರೂ ಸಡಿಲ ಬಿಡದೆ 17 ಸಲ ಸ್ಟ್ರೈಕ್‌ಔಟ್ ಮಾಡಿ (ಬರೀ ಎಸೆತದಿಂದಲೇ ಔಟ್) ಒಂದೂ ರನ್ ಕೊಡಲಿಲ್ಲ. ನನ್ನ ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ. ಅದನ್ನು ನೋಡಿ ಅವಳು ಹೇಳಿದ್ದು: "ಅಪ್ಪ ನನ್ನ ಜೊತೆ ಬೇಕಂತಲೇ ಸೋಲುತ್ತಾರೆ, ನನಗೆ ಅದು ಇಷ್ಟವಿಲ್ಲ."

ಲೆಕ್ಕದ ಮೇಷ್ಟ್ರು (ಮೈಸೂರು)

ನನ್ನ ಲೆಕ್ಕ ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಒಂದನ್ನು ಒಪ್ಪಿಕೊಳ್ಳಬೇಕು. 2010ರಲ್ಲಿ ನಾನು ಬಲ ಅಂಚಿನ ಸಾಲಿನಲ್ಲಿ ಟಿಕೆಟ್ ಕೊಳ್ಳುತ್ತಿದ್ದೆ, 'ಏರಿಯಾ 51' ಎಂದು ಕರೆಯುತ್ತಿದ್ದ ಜಾಗ. ಅಗ್ಗವೆಂದು ಹೆಂಡತಿಗೆ ಹೇಳುತ್ತಿದ್ದೆ. ಅದು ಅಗ್ಗವೇನೂ ಆಗಿರಲಿಲ್ಲ. ಚೆಂಡು ಇವನ ಕಡೆ ಬಾರದ ಹೊತ್ತಿನಲ್ಲಿ ಇವನು ಸುಮ್ಮನೆ ನಿಲ್ಲುತ್ತಿರಲಿಲ್ಲ, ಬಗ್ಗಿ ಕಾಲಿನ ಸ್ನಾಯು ಸಡಿಲಿಸುತ್ತಿದ್ದ. ತಂಡ ಎಂಟು ರನ್ ಹಿಂದಿದ್ದಾಗಲೂ. ನಾನು ಆಟ ಬಿಟ್ಟು ಅದನ್ನೇ ನೋಡುತ್ತಿದ್ದೆ. ಆ ವರ್ಷವೂ ತಂಡ ನೂರಕ್ಕೂ ಹೆಚ್ಚು ಆಟ ಸೋತಿತು, ಬರೆದಿಟ್ಟುಕೊಳ್ಳಿ.

ಸಾಗರದವ (ಸಿಯಾಟಲ್)

ಬರೆದಿಟ್ಟುಕೊಂಡೆ, ಮೇಷ್ಟ್ರೇ. ಮುಂದಿನ ವರ್ಷ ಮೈದಾನದ ಹೊರಗೆ ಅವನ ಪ್ರತಿಮೆ ನಿಲ್ಲಿಸುತ್ತೇವೆಂದು ನಿನ್ನೆ ಘೋಷಿಸಿದ್ದಾರೆ. ಆಗ ಬನ್ನಿ, ಏರಿಯಾ 51ರ ಟಿಕೆಟ್ ನನ್ನದು. ಮನೆಯವರಿಗೆ ಅಗ್ಗ ಎಂದೇ ಹೇಳಿ.

ಇವತ್ತು ಬೆಳಿಗ್ಗೆ ಅಮ್ಮನಿಗೆ ವೀಡಿಯೊ ಕರೆ ಮಾಡಿ ನಿನ್ನೆಯ ಫೋಟೊ ತೋರಿಸಿದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ಬಹಳ ಹೊತ್ತು ನೋಡಿದರು. "ಆ ನಮಸ್ಕಾರದ ಹುಡುಗ ಅಲ್ಲವೇನೋ? ಕೂದಲೆಲ್ಲ ಬೆಳ್ಳಗಾಗಿದೆಯಲ್ಲ. ಸರಿಯಾಗಿ ಊಟ ಮಾಡುತ್ತಾನೋ ಇಲ್ಲವೋ." ಟೋಕಿಯೊ ಪತ್ರಿಕಾಗೋಷ್ಠಿಯಲ್ಲಿ ಅವನು ಹೆಂಡತಿಯ ಬಗ್ಗೆ ಹೇಳಿದ್ದು ನನಗೆ ನೆನಪಿತ್ತು. ಊರಿನ ಮೈದಾನದಲ್ಲಿ ಆಟವಿದ್ದಾಗ ಅವನು ಆಕೆ ಕಟ್ಟಿಕೊಟ್ಟ ಅನ್ನದ ಉಂಡೆಯನ್ನು ಒಯ್ದು ತಿನ್ನುತ್ತಿದ್ದನಂತೆ. ಒಟ್ಟು 2800ರಷ್ಟಾಗಿದ್ದವು, ಮೂರು ಸಾವಿರ ಮಾಡಿಸಬೇಕೆಂದು ಆಕೆಗೆ ಆಸೆಯಿತ್ತು, ಆಗಲಿಲ್ಲ ಎಂದಿದ್ದ. ಅದನ್ನು ಅಮ್ಮನಿಗೆ ಹೇಳಿದೆ.

"ಇನ್ನೂರು ತಾನೇ ಬಾಕಿ?" ಎಂದರು. "ಈಗ ಮನೆಯಲ್ಲೇ ಇರುತ್ತಾನಲ್ಲ, ತಿನ್ನಲಿ."